ಕೋಪದ ಬೆಸುಗೆ

ನಮ್ಮೂರಿಗೆ ಹೊಸ ಸೊಸೆ ಬಂದರೆ ಅತ್ತೆ ಆರತಿ ಎತ್ತುವುದು ಆಮೇಲೆ. ಮೊದಲು ಸೊಸೆಯ ಬಲಗೈ ಬಳೆ ಬಿಚ್ಚಿಸುತ್ತಾಳೆ. ಚಿನ್ನವಿರಲಿ, ಗಾಜಿರಲಿ, ಬಲಗೈಯಲ್ಲಿ ಉಳಿಯುವುದಿಲ್ಲ. ಮದುವೆಯಾದ ಎಂಟು ದಿನದೊಳಗೆ ಯಾವುದಾದರೂ ಮಾತಿಗೆ ಸಿಟ್ಟು ಬಂದೇ ಬರುತ್ತದೆ. ಸಿಟ್ಟು ಬಂತೆಂದರೆ ಬಲ ಅಂಗೈ ಕಾಯುತ್ತದೆ. ಕಾದ ಅಂಗೈಗೆ ಚಿನ್ನವೇನು, ಕಬ್ಬಿಣವೇನು, ಎಲ್ಲ ಬೆಣ್ಣೆಯೇ. ಎಡಚರಿಗೆ ಎಡಗೈ. ಚರ್ಮಕ್ಕೆ ಏನೂ ಆಗುವುದಿಲ್ಲ, ಕೈಯಲ್ಲಿದ್ದದ್ದು ಮಾತ್ರ ಹೋಯಿತು ಅಂತ ಲೆಕ್ಕ. ಇದು ಯಾಕೆ ಹೀಗೆ ಅಂತ ಕೇಳುವವರು ಹೊರಗಿನವರು. ನಮಗೆ ಬಾಗಿಲ ಹಿಡಿ ಬದಲಾಯಿಸುವುದರಲ್ಲೇ ಆಯುಸ್ಸು ಕಳೆದುಹೋಗುತ್ತದೆ, ಕೇಳುವಷ್ಟು ಪುರುಸೊತ್ತೆಲ್ಲಿ?

ಟಂಗ್‌ಸ್ಟನ್ ಒಂದು ಇಲ್ಲದೆ ಹೋಗಿದ್ದರೆ ನಾವು ಬಾಗಿಲೇ ಇಲ್ಲದ ಮನೆಗಳಲ್ಲಿ ಇರಬೇಕಾಗಿತ್ತು. ಬೇರೆ ಲೋಹಗಳೆಲ್ಲ ಕರಗಿ ನೀರಾದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಸೌಟು, ಲೋಟ, ಸ್ಕೂಟರಿನ ಹ್ಯಾಂಡಲ್ಲು, ಬಸ್ಸಿನಲ್ಲಿ ಹಿಡಿದು ನಿಲ್ಲುವ ಕಂಬಿ ಎಲ್ಲ ಅದರದೇ. ಅಷ್ಟು ಹಟಮಾರಿ ಲೋಹವನ್ನು ಕರಗಿಸಿ ಎರಕ ಹೊಯ್ಯುವ ಕುಲುಮೆಯಾದರೂ ಎಲ್ಲಿದೆ? ಅದಕ್ಕೇ ಅದರ ಅದಿರಿನಿಂದ ಬಂದ ಹಳದಿ ಪುಡಿಯನ್ನು ಬೂದು ಪುಡಿ ಮಾಡಿ, ಅಚ್ಚಿನಲ್ಲಿ ಒತ್ತಿ, ಇಟ್ಟಿಗೆ ಸುಟ್ಟ ಹಾಗೆ ಸುಟ್ಟು ಗಟ್ಟಿ ಮಾಡುತ್ತಾರೆ. ಭಾರವೋ, ಚಿನ್ನದಷ್ಟು ಭಾರ. ನಮ್ಮೂರಿಗೆ ಬಂದ ನೆಂಟರು ಎರಡನೇ ಲೋಟ ಕಾಫಿ ಬೇಡ ಅನ್ನುವುದು ಕಾಫಿ ಕೆಟ್ಟದ್ದಂತ ಅಲ್ಲ, ಮಣಿಕಟ್ಟು ನೋವಿಗೆ. ಅಂಗಿಯ ಬಲತೋಳನ್ನೂ ಹಾಸಿಗೆಯ ಬಟ್ಟೆಯನ್ನೂ ಟಂಗ್‌ಸ್ಟನ್ ಉಪ್ಪಿನ ನೀರಿನಲ್ಲಿ ಅದ್ದಿ ಒಣಗಿಸುತ್ತೇವೆ, ಬೆಂಕಿ ಹತ್ತದಿರಲಿ ಅಂತ. ಹೈಸ್ಕೂಲಿನ ಮೇಷ್ಟ್ರು ಉತ್ತರ ಪತ್ರಿಕೆ ತಿದ್ದುವಾಗ ಪೆನ್ನು ಕರಗಿ, ಅದರ ತುದಿಯಲ್ಲಿರುವ ಸಣ್ಣ ಗುಂಡು ಮಾತ್ರ ಉಳಿಯುತ್ತದೆ. ಆ ಗುಂಡಿನಲ್ಲಿರುವುದೂ ಟಂಗ್‌ಸ್ಟನ್ನೇ. ಅಂಥವು ಅವರ ಹತ್ತಿರ ಎರಡು ಬೆಂಕಿಪೊಟ್ಟಣದ ತುಂಬ ಇವೆ, ಒಂದು ಗಣಿತದ್ದು, ಒಂದು ವ್ಯಾಕರಣದ್ದು.

ಇಂಥ ಊರಿನಲ್ಲಿ ಸ್ಟೀಲ್ ಲೋಟ ಇಟ್ಟುಕೊಂಡ ಮನೆ ಅಂದರೆ ಅದರ ಮರ್ಯಾದೆಯೇ ಬೇರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಅಡುಗೆಮನೆಗೆ ಇಣುಕುತ್ತಾರೆ. ಟಂಗ್‌ಸ್ಟನ್ ಲೋಟಗಳನ್ನೆಲ್ಲ ಅಟ್ಟದ ಮೇಲೆ ಬಚ್ಚಿಟ್ಟು, ಪಕ್ಕದ ಮನೆಯಿಂದ ಸ್ಟೀಲ್ ಲೋಟ ತಂದು ಜೋಡಿಸಿ, ಕೊನೆಗೆ ಪಾಯಸಕ್ಕೆ ಉಪ್ಪು ಬಿತ್ತು ಅಂತ ಹುಡುಗಿಯ ಅಪ್ಪನಿಗೇ ಸಿಟ್ಟು ಬಂದು, ನೆಂಟರ ಎದುರಿಗೇ ಲೋಟ ತೊಟ್ಟಿಕ್ಕಿದ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮ ಮನೆಯಲ್ಲಿ ಮಾತ್ರ ಎಲ್ಲ ಸ್ಟೀಲು, ಎಲ್ಲ ಸ್ವಂತದ್ದು. ನನ್ನ ಯಜಮಾನರು ಐಸ್ ಕ್ಯಾಂಡಿ ಮಾರುವವರು, ಕೈಯಲ್ಲೇ ಹಿಡಿದು ಮಾರುತ್ತಾರೆ. ನನಗಂತೂ ಹುಟ್ಟಿದಾಗಿನಿಂದ ಸಿಟ್ಟು ಎಂಬುದೇ ಗೊತ್ತಿರಲಿಲ್ಲ. ನನ್ನ ಅತ್ತೆ ಆರು ವರ್ಷ ಪ್ರಯತ್ನಪಟ್ಟು, ಇವಳ ಕೈಯಲ್ಲಿ ಹಪ್ಪಳವೂ ಸುಡುವುದಿಲ್ಲ ಅಂತ ಸೋತು ಸುಮ್ಮನಾದರು. ಹಾಗಾಗಿಯೇ ನನಗೆ ಕೆಣಕುಗಾತಿಯ ಕೆಲಸ ಸಿಕ್ಕಿದ್ದು.

ಕೆಣಕುಗಾತಿ ಅಂದರೆ ಬೆಸುಗೆ ಹಾಕುವವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅವರಿಗೆ ಸಿಟ್ಟು ಬರಿಸುವವಳು. ಬೆಸುಗೆಗೆ ನಮ್ಮೂರಲ್ಲಿ ಕರೆಂಟು ಬೇಡ. ಟಂಗ್‌ಸ್ಟನ್ ರಾಡನ್ನು ಕೈಯಲ್ಲಿ ಹಿಡಿದು ಸಿಟ್ಟು ಮಾಡಿಕೊಂಡರೆ ಅದರ ತುದಿ ಬೆಳ್ಳಗೆ ಉರಿಯುತ್ತದೆ. ಗಾಳಿ ತಾಗಿದರೆ ರಾಡು ಹಳದಿ ಬಿದ್ದು ಹಾಳಾಗುತ್ತದೆ ಅಂತ ಕೊಳವೆಯಲ್ಲಿ ಒಂದು ಗ್ಯಾಸು ಬಿಡುತ್ತಾರೆ. ಆ ತುದಿಗೆ ಕಬ್ಬಿಣ ಕರಗುತ್ತದೆ, ರಾಡು ಮಾತ್ರ ಇದ್ದ ಹಾಗೇ ಇರುತ್ತದೆ. ಹಾಗಾದರೆ ಸಿಟ್ಟು ಬಂದವರೆಲ್ಲ ಬೆಸುಗೆ ಹಾಕಬಹುದಲ್ಲ ಅನ್ನಬೇಡಿ. ಜನರ ಸಿಟ್ಟು ಹುಲ್ಲಿನ ಬೆಂಕಿ, ಭಗ್ ಅಂದು ಆರುತ್ತದೆ. ಬೆಸುಗೆಗೆ ಬೇಕಾದದ್ದು ಒಂದು ಗಂಟೆ ಒಂದೇ ಸಮ ನಿಲ್ಲುವ ಸಿಟ್ಟು. ಹೆಚ್ಚಾದರೆ ತಗಡು ತೂತಾಗುತ್ತದೆ, ಕಡಿಮೆಯಾದರೆ ಕೂಡಿಕೊಳ್ಳುವುದಿಲ್ಲ. ಆ ಉರಿಯನ್ನು ಹಿಡಿದಿಡುವುದೇ ಕೆಣಕುಗಾತಿಯ ವಿದ್ಯೆ. ಹೆತ್ತವರನ್ನು ಬಯ್ಯಬಾರದು, ಜಾತಿ ಎತ್ತಬಾರದು, ಊಟದ ಹೊತ್ತಿನಲ್ಲಿ ಬಾಯಿ ಬಿಡಬಾರದು. ಅಷ್ಟು ಬಿಟ್ಟು ಇನ್ನೇನು ಬೇಕಾದರೂ ಅನ್ನಬಹುದು.

ಹದಿನೆಂಟು ವರ್ಷ ನಾನು ಜವರಾಚಾರ್ರನ್ನು ಕೆಣಕಿದೆ. ಊರಿಗೇ ದೊಡ್ಡ ಬೆಸುಗೆಗಾರರು ಅವರು, ಅವರಪ್ಪನ ಕಾಲದಿಂದ ಬಂದ ಕಸುಬು. ಎತ್ತಿನ ಗಾಡಿಯ ಪಟ್ಟಿಯಿಂದ ಹಿಡಿದು ಅಕ್ಕಿ ಗಿರಣಿಯ ಬಾಯ್ಲರಿನ ತನಕ ಅವರ ಕೈ ತಾಗದ ಕಬ್ಬಿಣವಿಲ್ಲ. ನಾನು ಬೆಳಿಗ್ಗೆ ಅಕ್ಕಿ ಆರಿಸುವಾಗಲೇ ಅವತ್ತಿನ ಮಾತು ಯೋಚಿಸಿಟ್ಟುಕೊಳ್ಳುತ್ತಿದ್ದೆ. ದಿನಕ್ಕೊಂದು, ಹೊಚ್ಚ ಹೊಸದು. "ಆಚಾರ್ರೇ, ನಿಮ್ಮ ಬೆಸುಗೆ ನೋಡಿದ್ರೆ ಎಮ್ಮೆ ಸಗಣಿ ಹಾಕ್ಕೊಂಡು ನಡ್ಕೊಂಡು ಹೋದಂಗಿದೆ" ಎಂದು ಒಂದು ದಿನ. "ಆ ಮೀಸೆ ಸಾಕಿದ ಬದ್ಲು ಒಂದು ಮೇಕೆ ಸಾಕಿದ್ರೆ ಹಾಲಾದ್ರೂ ಬರ್ತಿತ್ತು" ಎಂದು ಇನ್ನೊಂದು ದಿನ. ನಾನು ಬಾಯಿ ತೆಗೆದದ್ದೇ ತಡ, ಆಚಾರ್ರು ದವಡೆ ಬಿಗಿದು, ಕಣ್ಣು ಕೆಂಪು ಮಾಡಿ, ರಾಡು ಹಿಡಿದರೆ ಒಂದು ಗಂಟೆ ಉರಿ ಕದಲುತ್ತಿರಲಿಲ್ಲ. ಜನ ನೋಡಲು ಬರುತ್ತಿದ್ದರು. ಚಿಕ್ಕತಾಯಮ್ಮನ ಬಾಯಿಯೋ ಕುಲುಮೆಯ ತಿದಿಯೋ ಅನ್ನುತ್ತಿದ್ದರು. ಹೆಮ್ಮೆ ಇಲ್ಲ ಅಂದರೆ ಸುಳ್ಳಾಗುತ್ತದೆ. ನನಗೆ ಆ ವಿದ್ಯೆಯೊಂದೇ ಇದ್ದದ್ದು.

ಎಲ್ಲ ಕೆಟ್ಟದ್ದು ನನ್ನ ಕರುಣೆಯಿಂದಲೇ. ಒಂದು ಶನಿವಾರ ಆಚಾರ್ರ ಎಡಗೆನ್ನೆ ಬೋಂಡದ ಹಾಗೆ ಊದಿಕೊಂಡಿತ್ತು. ಹಿಂದಿನ ದವಡೆ ಹಲ್ಲಂತೆ. ಹಲ್ಲಿನ ಡಾಕ್ಟರೆಂದರೆ ನಮ್ಮೂರಿನವರಿಗೆ ಭಯ, ಡಾಕ್ಟರಿಗೆ ನಮ್ಮೂರಿನವರೆಂದರೆ ಇನ್ನೂ ಭಯ. ಆದರೆ ಹೊರಗಿನಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಶಮೀಮ್ ಧೈರ್ಯವಂತೆ, ಕುರ್ಚಿಯ ಕೈಗಳಿಗೆಲ್ಲ ಟಂಗ್‌ಸ್ಟನ್ ಹಾಕಿಸಿದ್ದರು. ನಾನೇ ಆಚಾರ್ರನ್ನು ಎಳೆದುಕೊಂಡು ಹೋಗಿ ಕೂರಿಸಿದೆ. ಡಾಕ್ಟ್ರಮ್ಮ ಸಾಸಿವೆ ಕಾಳಿನಷ್ಟು ತುದಿಯ ಒಂದು ಯಂತ್ರ ತೋರಿಸಿ, "ಹೆದರ್ಕೋಬೇಡಿ, ಇದೂ ನಿಮ್ಮೂರಿನ ಸೌಟಿನ ಲೋಹಾನೇ. ಇಂಗಾಲ ಸೇರಿಸಿ ಇನ್ನೂ ಗಟ್ಟಿ ಮಾಡಿದಾರೆ, ಹಲ್ಲು ಕೊರೆಯೋಕೆ" ಎಂದರು. ಗುಂಯ್ ಎಂದು ಕೊರೆದು, ಕೊಳೆತದ್ದನ್ನೆಲ್ಲ ತೆಗೆದು, ಗಾರೆ ಮೆತ್ತಿದ ಹಾಗೆ ಏನೋ ಮೆತ್ತಿದರು. "ಎಷ್ಟು ವರ್ಷದಿಂದ ನೋವಿತ್ತು?" ಎಂದು ಕೇಳಿದರು. ಆಚಾರ್ರು ಬಾಯಿ ತೆರೆದೇ ಎರಡೂ ಕೈ ಬೆರಳು ತೋರಿಸಿ, ಮತ್ತೆ ಎಂಟು ಬೆರಳು ತೋರಿಸಿದರು. ನಾನು ಪಾಪ ಅಂದುಕೊಂಡೆನೇ ಹೊರತು, ಆ ಲೆಕ್ಕದ ಮೇಲೆ ನನಗೆ ಗಮನವೇ ಹೋಗಲಿಲ್ಲ.

ಮಂಗಳವಾರ ಊರಿಗೆ ನೀರು ತರುವ ದೊಡ್ಡ ಪೈಪು ಒಂದು ಮೊಳದುದ್ದ ಸೀಳಿತು. ಪುರಸಭೆಯ ಇಂಜಿನಿಯರ್ ಓಂಕಾರಪ್ಪ ಓಡಿಬಂದರು. ಆಚಾರ್ರು ರಾಡು ಹಿಡಿದರು, ನಾನು ಬಾಯಿ ತೆಗೆದೆ. ಅವತ್ತಿನ ಮಾತು ಚೆನ್ನಾಗಿತ್ತು, ಅವರ ಗೊರಕೆಯ ಬಗ್ಗೆ. ಆಚಾರ್ರು ತಲೆ ಅಲ್ಲಾಡಿಸಿ, "ಹೌದು ಕಣಮ್ಮ, ನಮ್ಮನೇಲೂ ಹಂಗೇ ಅಂತಾರೆ" ಎಂದು ಮುಗುಳ್ನಕ್ಕರು. ರಾಡಿನ ತುದಿ ಕಪ್ಪಗೇ ಇತ್ತು. ಎಮ್ಮೆ ಸಗಣಿಯನ್ನು ಮತ್ತೆ ತೆಗೆದೆ. "ಎಲ್ಲಿ, ಹೌದಲ್ಲ, ಒಳ್ಳೇ ಹೋಲಿಕೆ" ಎಂದರು. ಅಂಗೈ ಮುಟ್ಟಿ ನೋಡಿದರೆ ನಮ್ಮ ಯಜಮಾನರ ಐಸ್ ಡಬ್ಬಿಯ ಹಾಗಿತ್ತು.

ಓಂಕಾರಪ್ಪ ಒಳ್ಳೆಯವರು, ಆದರೆ ಊರಿಗೆ ನೀರು ಬೇಕಲ್ಲ. "ನೋಡಿ ತಾಯಮ್ಮನೋರೇ, ಗುರುವಾರದ ತನಕ ಕಾಯ್ತೀನಿ. ಆಗ್ಲಿಲ್ಲ ಅಂದ್ರೆ ಶುಕ್ರವಾರ ಕರೆಂಟಿನ ಮಿಷನ್ ತರಿಸ್ತೀನಿ. ಅದರ ತುದೀಲೂ ಟಂಗ್‌ಸ್ಟನ್ನೇ ಇರೋದು, ಆದ್ರೆ ಸ್ವಿಚ್ ಹಾಕಿದ್ರೆ ಸಾಕು. ಒಂದ್ಸಲ ತರಿಸಿದ್ಮೇಲೆ ವಾಪಸ್ ಕಳಿಸೋಕಾಗಲ್ಲ, ಮುಂದೆ ಎಲ್ಲಾ ಕೆಲಸ ಅದಕ್ಕೇ" ಎಂದರು. ಆಮೇಲೆ ಮೆತ್ತಗೆ, "ಮಿಷನ್‌ಗೆ ಬಯ್ಯೋರು ಬೇಕಾಗಲ್ಲ" ಎಂದೂ ಸೇರಿಸಿದರು. ಆಚಾರ್ರಿಗಾದರೆ ಕೈಕಸುಬಿದೆ, ಬಾಗಿಲ ಚಿಲಕ ಮಾಡಿಕೊಂಡಾದರೂ ಬದುಕುತ್ತಾರೆ. ಬಯ್ಯುವುದನ್ನು ಬಿಟ್ಟು ನನಗೆ ಇನ್ನೇನು ಬರುತ್ತದೆ? ಅದೂ ಸಿಟ್ಟಿಲ್ಲದೆ ಬಯ್ಯುವವಳನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ?

ಬುಧವಾರವಿಡೀ ನಾನು ಪಡದ ಪಾಡಿಲ್ಲ. ಆಚಾರ್ರ ಚಪ್ಪಲಿ ಬಚ್ಚಿಟ್ಟೆ. ನೆಲ ತಂಪಾಗಿದೆ ಅಂತ ಬರಿಗಾಲಲ್ಲಿ ನಡೆದರು. ಅವರ ಕನ್ನಡಕಕ್ಕೆ ಎಣ್ಣೆ ಬಳಿದೆ. ಎಲ್ಲರೂ ಸುಂದರವಾಗಿ ಕಾಣ್ತಾರೆ ಅಂದರು. ಹಲ್ಲು ನೋವು ಹೋದ ಮೇಲೆ ಅವರಿಗೆ ಲೋಕವೇ ಹೊಸದಾಗಿತ್ತು. ಹದಿನೆಂಟು ವರ್ಷದಿಂದ ಮುದ್ದೆ ನುಂಗಿಕೊಂಡಿದ್ದ ಮನುಷ್ಯ, ಈಗ ಜೇಬಿನ ತುಂಬ ಕೋಡುಬಳೆ ಇಟ್ಟುಕೊಂಡು ಕಟಕಟ ಅಗಿಯುತ್ತ ತಿರುಗುತ್ತಿದ್ದರು. ಸುದ್ದಿ ಹರಡಿ, ಖಾಲಿ ಬಿಂದಿಗೆ ಹಿಡಿದ ಜನ ಸಾಲುಗಟ್ಟಿ ಬಂದು ಒಬ್ಬೊಬ್ಬರಾಗಿ ಆಚಾರ್ರನ್ನು ಬಯ್ದು ಹೋದರು. ಕೆಲವರು ನೀರಿನ ಮೇಲಿನ ಸಿಟ್ಟಿಗೆ ಬಯ್ದರು, ಕೆಲವರು ಹಳೇ ಬಾಕಿ ತೀರಿಸಿಕೊಂಡರು. ಆಚಾರ್ರು ಪ್ರತಿಯೊಬ್ಬರಿಗೂ ಒಂದೊಂದು ಕೋಡುಬಳೆ ಕೊಟ್ಟು ಕಳಿಸಿದರು. ಸಂಜೆ ಪರೀಕ್ಷೆಗೆಂದು ಅವರ ಅಂಗೈ ಮೇಲೆ ಬೆಣ್ಣೆಯ ಉಂಡೆ ಇಟ್ಟೆ. ಕರಗಲಿಲ್ಲ. ಅದನ್ನೂ ಕೋಡುಬಳೆಗೆ ಹಚ್ಚಿಕೊಂಡು ತಿಂದರು.

ಗುರುವಾರ ಬೆಳಿಗ್ಗೆ ಪೈಪಿನ ಹತ್ತಿರ ನಾವಿಬ್ಬರೇ ಕೂತಿದ್ದೆವು. ಓಂಕಾರಪ್ಪ ಸ್ವಲ್ಪ ದೂರದಲ್ಲಿ ಮಿಷನ್ನಿನವರಿಗೆ ಫೋನು ಮಾಡುತ್ತಿದ್ದರು. ನಾನು ಮನೆಯಿಂದ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದಿದ್ದೆ. ಕೊಡಲೂ ಮನಸ್ಸಿಲ್ಲದೆ ಹಿಡಿದುಕೊಂಡಿದ್ದೆ. ಬಾಯಲ್ಲಿ ಒಂದು ಮಾತೂ ಉಳಿದಿರಲಿಲ್ಲ. ನನಗೆ ಅಳು ಬರುವ ಹಾಗಾಯಿತು. "ನನ್ನ ಮಾತು ಹಳಸಿಹೋಯ್ತು ಆಚಾರ್ರೇ. ಮೊದಲೆಲ್ಲ ಒಂದು ಮಾತಿಗೆ ಹೆಂಗೆ ಉರೀತಿದ್ರಿ ನೀವು" ಎಂದೆ.

ಆಚಾರ್ರಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಹತ್ತಿರ ಸರಿದು ಕೂತರು. "ಅಯ್ಯೋ ಬಿಡಮ್ಮ, ನಿನ್ನ ತಪ್ಪೇನಿಲ್ಲ. ನಿಜ ಹೇಳ್ಬಿಡ್ತೀನಿ. ನಿನ್ನ ಮಾತಿಗೆ ನನಗೆ ಯಾವತ್ತೂ ಕೋಪ ಬಂದಿದ್ದಿಲ್ಲ" ಎಂದರು.

"ಮತ್ತೆ?"

"ನಿನ್ನ ಬಾಯಿ ಅಲ್ಲಾಡಿದ್ರೆ ಕೆಲಸ ಶುರು ಅಂತ ಗೊತ್ತಾಗೋದು. ಆ ಕೆಟ್ಟ ಹಲ್ಲನ್ನ ಕಚ್ಚಿ ಹಿಡೀತಿದ್ದೆ. ಪ್ರಾಣ ಹೋಗೋವಷ್ಟು ನೋವು, ಆ ಹಲ್ಲಿನ ಮೇಲೇ ಕೋಪ. ಕಚ್ಚಿದ ತಕ್ಷಣ ಕಿವಿ ಜುಂಯ್ ಅಂದು ಮುಚ್ಚಿಹೋಗೋದು. ನೀನು ಏನಂತಿದ್ಯೋ ಒಂದಕ್ಷರ ಕೇಳಿಸ್ತಿರ್ಲಿಲ್ಲ."

"ಒಂದಕ್ಷರ?"

"ಒಂದೂ ಇಲ್ಲ. ಏನೋ ಹಾಡು ಹೇಳ್ಕೋತಾಳೆ ಪಾಪ ಅಂದ್ಕೊಂಡಿದ್ದೆ."

ಹದಿನೆಂಟು ವರ್ಷ. ಅಕ್ಕಿ ಆರಿಸುವಾಗ, ತಲೆ ಬಾಚಿಕೊಳ್ಳುವಾಗ, ಜ್ವರದಲ್ಲಿ ಮಲಗಿದ್ದಾಗಲೂ ಹೊಸೆದು ಹೊಸೆದು ಇಟ್ಟ ಮಾತುಗಳು. ದಿನಕ್ಕೊಂದು. ಅವನ್ನೆಲ್ಲ ಗೋಡೆಗೆ ಹೇಳಿದ್ದರೂ ಗೋಡೆ ಕೇಳಿಸಿಕೊಳ್ಳುತ್ತಿತ್ತು. ನನ್ನ ಹೊಟ್ಟೆಯೊಳಗಿನಿಂದ ಏನೋ ಎದ್ದು ಬಂತು. ಅದೇನು ಅಂತ ಮೊದಲು ಗೊತ್ತಾಗಲೇ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಕೈಯಲ್ಲಿದ್ದ ಮಜ್ಜಿಗೆ ಕೊತಕೊತ ಕುದಿಯಿತು. ನೋಡುನೋಡುತ್ತಿದ್ದಂತೆ ಸ್ಟೀಲ್ ಲೋಟ ಬೆರಳ ಸಂದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿತ್ತು.

ಆಚಾರ್ರು ನನ್ನ ಕೈ ನೋಡಿದರು, ನೆಲ ನೋಡಿದರು. ಕೆಲಸಗಾರ ಕೆಲಸಗಾರನೇ. ರಾಡನ್ನು ನನ್ನ ಕೈಗೆ ತುರುಕಿ, ಕಪ್ಪು ಗಾಜಿನ ಮುಖವಾಡವನ್ನು ತಲೆಗೆ ಹಾಕಿ, ಗ್ಯಾಸಿನ ಕೊಳವೆ ಹಿಡಿದು ಪಕ್ಕದಲ್ಲಿ ಕೂತರು. "ಇಲ್ಲಿಂದ ಶುರು ಮಾಡು. ಅವಸರ ಬೇಡ. ಕಬ್ಬಿಣ ಬೆವರಿದಂಗಾಗ್ಲಿ, ಆಮೇಲೆ ಮುಂದಕ್ಕೆ ಹೋಗು" ಎಂದರು. ರಾಡಿನ ತುದಿ ಸೂರ್ಯನ ಹಾಗೆ ಉರಿಯುತ್ತಿತ್ತು. ಹದಿನೆಂಟು ವರ್ಷ ಪಕ್ಕದಲ್ಲಿ ಕೂತು ನೋಡಿದ್ದು ಸುಮ್ಮನೆ ಹೋಗುತ್ತದೆಯೇ, ಕೈ ತಾನಾಗಿ ನಡೆಯಿತು. ಓಂಕಾರಪ್ಪ ಫೋನು ಕಿವಿಗಿಟ್ಟುಕೊಂಡೇ ಬಾಯಿ ತೆರೆದು ನಿಂತರು.

ಅರ್ಧ ಮೊಳ ಮುಗಿಯುವಷ್ಟರಲ್ಲಿ ನನಗೆ ಖುಷಿಯಾಗತೊಡಗಿತು. ಬೆಸುಗೆ ಅಷ್ಟು ಅಚ್ಚುಕಟ್ಟಾಗಿ ಕೂತಿತ್ತು. ಖುಷಿಯಾದದ್ದೇ ತಡ, ತುದಿ ಕೆಂಪಾಯಿತು. "ಅಯ್ಯೋ, ಹೋಯ್ತಲ್ಲ" ಎಂದೆ. ಆಚಾರ್ರು ಗಾಬರಿಯಾಗಿ ಕೆಣಕಲು ನೋಡಿದರು. "ನಿನ್ನ... ನಿನ್ನ ಸೀರೆ ಅಷ್ಟೇನೂ ಚೆನ್ನಾಗಿಲ್ಲ" ಎಂದರು. ಇದೂ ಒಂದು ಬೈಗುಳವೇ? ನನಗೆ ನಗು ಬಂತು, ತುದಿ ಇನ್ನೂ ಮಂಕಾಯಿತು. ಪಾಪ, ಅವರು ತಲೆ ಕೆರೆದುಕೊಂಡರು. ಆಮೇಲೆ ಸೋತವರ ಹಾಗೆ, "ಅಲ್ಲ ಕಣಮ್ಮ, ಮೊದಲನೇ ದಿನ ನನಗೇನಂದಿದ್ದೆ ನೀನು?" ಎಂದು ಕೇಳಿದರು.

"ನೀವು ಸಾರು ಸೊರಸೊರ ಹೀರೋ ಸದ್ದಿಗೆ ಹಿಂದಿನ ಬೀದಿಯವರು ನಲ್ಲೀಲಿ ನೀರು ಬಂತು ಅಂತ ಬಿಂದಿಗೆ ತಗೊಂಡು ಓಡಿಬರ್ತಾರೆ ಅಂದಿದ್ದೆ."

ಆಚಾರ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಬ್ಬಬ್ಬಾ. ಆವತ್ತೇ ಇದು ಕೇಳಿಸಿದ್ದಿದ್ರೆ ಕೋಪ ಎಲ್ಲಿ ಬರ್ತಿತ್ತಮ್ಮ, ನಕ್ಕು ನಕ್ಕು ಕೆಲಸ ಕೆಡ್ತಿತ್ತು. ಸಂಜೆಗೇ ನಿನ್ನ ಬಿಡಿಸಿ ಮನೇಗೆ ಕಳಿಸ್ತಿದ್ರು" ಎಂದರು. ನಗಿಸುವವಳಾಗಿ ಹೋದೆನೇ ನಾನು? ನನ್ನ ಬೈಗುಳಕ್ಕೆ ನಗುವುದೇ? ರಾಡು ಮತ್ತೆ ಬೆಳ್ಳಗಾಯಿತು. ಉಳಿದ ಅರ್ಧ ಮೊಳವನ್ನು ನಾನು ತಲೆ ಎತ್ತದೆ ಮುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ನಲ್ಲಿಗಳಲ್ಲಿ ನೀರು ಬಂತು, ಓಂಕಾರಪ್ಪ ಮಿಷನ್ನಿನವರಿಗೆ ಬರಬೇಡಿ ಎಂದರು.

ಈಗ ರಾಡು ಹಿಡಿಯುವವಳು ನಾನು, ಸ್ಟೂಲಿನ ಮೇಲೆ ಕೂರುವವರು ಅವರು. ಸ್ವಂತಕ್ಕೆ ಬಯ್ಯಲು ಬಾರದ ಕೆಣಕುಗಾರ ನಮ್ಮೂರಲ್ಲಿ ಇವರೊಬ್ಬರೇ. ಬೆಳಿಗ್ಗೆ ಬಂದು ಕೋಡುಬಳೆ ಮುರಿಯುತ್ತ, "ಹೂಂ, ಮುಂದಿಂದು ಹೇಳಮ್ಮ" ಎನ್ನುತ್ತಾರೆ. ನಾನು ಆ ಹದಿನೆಂಟು ವರ್ಷದ ಮಾತುಗಳನ್ನು ಹೇಳಿದ ಕ್ರಮದಲ್ಲೇ ಒಂದೊಂದಾಗಿ ಹೇಳುತ್ತೇನೆ. ಅವರು ನಗುತ್ತಾರೆ. ನನಗೆ ಉರಿಯುತ್ತದೆ, ಊರಿನ ಕೆಲಸ ನಡೆಯುತ್ತದೆ. ನಮ್ಮ ಮನೆಗೂ ಟಂಗ್‌ಸ್ಟನ್ ಲೋಟ ಬಂದಿದೆ. ನನ್ನ ಅತ್ತೆ ಅದನ್ನು ಬೀದಿಯವರಿಗೆಲ್ಲ ಎತ್ತಿ ತೋರಿಸುತ್ತಾರೆ, ಸೊಸೆಗೆ ಕೊನೆಗೂ ಸಿಟ್ಟು ಬರಿಸಿದ್ದು ತಾವೇ ಎನ್ನುವ ಹಾಗೆ.

ಹೀಗೇ ವರ್ಷ ಕಳೆದ ಮೇಲೆ, ಮೊನ್ನೆ ಅಕ್ಕಿ ಗಿರಣಿಯ ಬಾಯ್ಲರಿನ ಕೆಲಸವಿತ್ತು. ನಾನು ರಾಡು ಹಿಡಿದು ತಯಾರಾಗಿ ಕೂತೆ. ಆಚಾರ್ರು ಎಂದಿನಂತೆ ಗ್ಯಾಸಿನ ಕೊಳವೆ ಹಿಡಿದು, "ಹೂಂ" ಎಂದರು. ಅವತ್ತಿನ ಸರದಿಗೆ ಬಂದದ್ದು ಎರಡನೇ ವರ್ಷದ ಒಂದು ಸಣ್ಣ ಮಾತು. ಅದಕ್ಕೆ ಅವರು ಹೆಚ್ಚು ನಗುತ್ತಾರೆಂಬ ನಂಬಿಕೆ ನನಗೂ ಇರಲಿಲ್ಲ.

"ಈ ಊರಲ್ಲಿ ಯಾವ ಬೆಸುಗೆ ನಿಮ್ಮಪ್ಪಂದು, ಯಾವುದು ನಿಮ್ಮದು ಅಂತ ಯಾರು ಬೇಕಾದ್ರೂ ಹೇಳಬಹುದು ಆಚಾರ್ರೇ. ನಿಮ್ಮಪ್ಪಂದು ಇನ್ನೂ ಬಿಟ್ಟಿಲ್ಲ."

ಅವರು ನಗಲಿಲ್ಲ. ಬಾಯಲ್ಲಿದ್ದ ಕೋಡುಬಳೆ ಅಗಿಯುವುದನ್ನು ನಿಲ್ಲಿಸಿದರು. "ಏನಂದೆ?" ಎಂದರು. ನಾನು ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ಒಂದಕ್ಷರವೂ ತಪ್ಪದ ಹಾಗೆ. ಅವರ ಮುಖ ಕೆಂಪಾಯಿತು. ಮೀಸೆ ಅದುರಿತು. ಅವರ ಕೈಯಲ್ಲಿದ್ದ ಕೊಳವೆಯ ಹಿತ್ತಾಳೆ ಮೂತಿ ಮೆತ್ತಗಾಗಿ, ಬಾಗಿ, ತೊಟ್ಟು ತೊಟ್ಟಾಗಿ ನೆಲಕ್ಕೆ ಬಿತ್ತು. ಹಲ್ಲು ನೋವಿರಲಿಲ್ಲ, ಏನೂ ಇರಲಿಲ್ಲ. ನನ್ನ ಮಾತು, ಬರೀ ನನ್ನ ಮಾತು.

"ಕೊಡಿಲ್ಲಿ ಆ ರಾಡು" ಎಂದು ಆಚಾರ್ರು ಗುಡುಗಿದರು. ಕೊಟ್ಟೆ. ಇಟ್ಟುಕೊಂಡು ನಾನೇನು ಮಾಡಲಿ, ಸಂತೋಷಕ್ಕೆ ನನ್ನ ಕೈ ಮಂಜುಗಡ್ಡೆಯ ಹಾಗೆ ತಣ್ಣಗಾಗಿತ್ತು. ಗಿರಣಿಯಿಂದ ಬೀದಿಗೆ ಓಡಿಬಂದು ಎದುರಿಗೆ ಸಿಕ್ಕ ಮೊದಲನೆಯವರನ್ನೇ ಹಿಡಿದು ನಿಲ್ಲಿಸಿ, ಆಚಾರ್ರಿಗೆ ಕೋಪ ಬಂದಿದೆ, ಬೇಗ ಬಂದು ನೋಡಿ ಎಂದೆ.